ಕುಲುಮೆ ಉಳಿಸುವುದಾದರೆ ಬೆಂಕಿ ಸಮೇತ ಉಳಿಸಿ

ಸಂಪಾದಕರಿಗೆ,

ಮಾನ್ಯರೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕರಾವಳಿಯ ಹಳೆ ಕಸುಬುಗಳ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಕಮ್ಮಾರಿಕೆಯ ಬಗ್ಗೆ ಬರೆದ ಒಂದು ಮಾತು ಮನಸ್ಸಿಗೆ ನಾಟಿತು. ಯುರೋಪಿನವರು ಹರಿಯುವ ನೀರಿನಿಂದ ಕುಲುಮೆ ನಡೆಸಿ ಮುಂದೆ ಹೋದರು, ನಮ್ಮ ಆಚಾರಿಗಳು ಕೈಯಿಂದ ಗಾಳಿ ಊದುವ ಕೈತಿದಿಯನ್ನೇ ಹಿಡಿದು ಕುಳಿತರು, ಹಾಗಾಗಿ ಸೋತರು ಎಂಬರ್ಥದ ಮಾತು ಅದು. ಕೊನೆಯಲ್ಲಿ, ಉಳಿದ ಹತಾರಗಳನ್ನಾದರೂ ಒಟ್ಟುಮಾಡಿ ಗೋಡೆಗೆ ತೂಗುಹಾಕಿ ಮಕ್ಕಳಿಗೆ ತೋರಿಸಬೇಕು ಎಂಬ ಸಲಹೆಯೂ ಇತ್ತು. ಇವೆರಡಕ್ಕೂ ಉತ್ತರ ಬರೆಯದೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಹೆಬ್ರಿ ಕಡೆಯ ಒಬ್ಬ ಆಚಾರಿಯ ಮಗ. ಅಪ್ಪಯ್ಯನ ಕೊಟ್ಯ, ಅಂದರೆ ಕಮ್ಮಾರಸಾಲೆ, ರಸ್ತೆ ಬದಿಯಲ್ಲೇ ಇತ್ತು. ಮುಳಿಹುಲ್ಲಿನ ಮಾಡು, ನಡುವೆ ನೆಲದಲ್ಲೇ ಕುಲುಮೆ, ಅದರ ಹಿಂದೆ ತೊಗಲಿನ ಜೋಡಿ ತಿದಿ, ಎದುರಿಗೆ ಹಲಸಿನ ಮರದ ಕೊರಡಿನಲ್ಲಿ ಹೂತ ಅಡಿಗಲ್ಲು (ಕಾಯ್ದದ್ದನ್ನು ಇಟ್ಟು ಬಡಿಯುವ ಕಬ್ಬಿಣದ ದಿಮ್ಮಿ). ನಾನು ಕಸುಬಿಗೆ ಇಳಿಯಲಿಲ್ಲ. ಐಟಿಐಯಲ್ಲಿ ಫಿಟ್ಟರ್ ಕಲಿತು, ಮುಂದೆ ಐಟಿಐಯಲ್ಲೇ 31 ವರ್ಷ ಬೋಧಕನಾಗಿ ನಿವೃತ್ತನಾದೆ. ಕಬ್ಬಿಣದ ಜೊತೆಗಿನ ಸಂಬಂಧ ಬಿಡಲಿಲ್ಲ ಎಂದಷ್ಟೇ ಹೇಳಬಹುದು.

ಲೇಖನದಲ್ಲಿ ಹೇಳಿದಂಥ ನೀರಿನ ಕುಲುಮೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗಳು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ನರ್ಸ್. 2019ರ ಜೂನ್‌ನಲ್ಲಿ ನಾನೂ ನನ್ನವಳೂ ಅವಳ ಮನೆಗೆ ಹೋಗಿದ್ದೆವು. ಒಂದು ರಜೆಯ ದಿನ ಅವಳು, "ಅಪ್ಪಾ, ನಿಮಗೆ ಅರಮನೆ-ಚರ್ಚು ಬೇಡ, ನಿಮಗೆ ಬೇಕಾದ ಜಾಗ ಒಂದಿದೆ" ಎಂದು ಕಾರಿನಲ್ಲಿ ಕರೆದುಕೊಂಡು ಹೋದದ್ದು ಡೆವನ್ ಜಿಲ್ಲೆಯ ಡಾರ್ಟ್‌ಮೂರ್ ಗುಡ್ಡಗಳ ಬುಡದ ಸ್ಟಿಕಲ್‌ಪಾತ್ ಎಂಬ ಹಳ್ಳಿಗೆ. ಅಲ್ಲಿರುವುದು ಫಿಂಚ್ ಫೌಂಡ್ರಿ. ಹೆಸರಿಗೆ ಫೌಂಡ್ರಿಯಾದರೂ ಅದು ಎರಕದ ಮನೆಯಲ್ಲ, ಕಾಯಿಸಿ ಬಡಿಯುವ ಕುಲುಮೆ. 1814ರಲ್ಲಿ ವಿಲಿಯಂ ಫಿಂಚ್ ಎಂಬವರು ಬಟ್ಟೆಯ ಹಳೆ ಮಿಲ್ಲೊಂದನ್ನು ಹಿಡಿದು ಅಲ್ಲಿ ಹತಾರ ಮಾಡುವ ಕೆಲಸ ಶುರುಮಾಡಿದರು. ಆ ಮನೆತನದವರೇ 1960ರ ತನಕ ನಡೆಸಿದರು. ಕುಡುಗೋಲು, ಉದ್ದ ಹಿಡಿಯ ಹುಲ್ಲುಗತ್ತಿ, ಬೇಲಿ ಸವರುವ ಕತ್ತಿ, ರೈತರಿಗೂ ಗಣಿಯವರಿಗೂ ಬೇಕಾದ ಸಲಿಕೆಗಳು ತಯಾರಾಗುತ್ತಿದ್ದವು. ಭರದ ಕಾಲದಲ್ಲಿ ದಿನಕ್ಕೆ 400 ಹತಾರಗಳವರೆಗೆ ಹೊರಬೀಳುತ್ತಿದ್ದವಂತೆ. ನಮ್ಮ ಕೊಟ್ಯದಲ್ಲಿ ಅಪ್ಪಯ್ಯ, ಅಮ್ಮ, ನಾನು ಮೂರೂ ಜನ ಬೆಳಗಿನಿಂದ ಕೂತರೆ ಸಂಜೆಗೆ ಏಳೆಂಟು ಕತ್ತಿ.

ಟಾ ಎಂಬ ನದಿಯಿಂದ ಕಾಲುವೆ ತೆಗೆದು, ಮರದ ತೊಟ್ಟಿಯಂಥ ದೋಣಿಯಲ್ಲಿ ನೀರನ್ನು ಎತ್ತರದಲ್ಲಿ ಹಾಯಿಸಿ ಚಕ್ರಗಳ ತನಕ ತಂದಿದ್ದಾರೆ. ಅದನ್ನು ಕಂಡ ಕೂಡಲೇ ನನ್ನವಳು, "ಇದು ನಮ್ಮ ದಂಬೆಯೇ ಅಲ್ವಾ?" ಎಂದಳು. ಹೌದು, ದಂಬೆಯೇ. ನಮ್ಮಲ್ಲಿ ಅಡಿಕೆ ಮರ ಸೀಳಿ ಒಳಗಿನ ತಿರುಳು ತೆಗೆದು ತೋಟಕ್ಕೆ ನೀರು ಹಾಯಿಸುತ್ತಿದ್ದೆವಲ್ಲ, ಅದೇ ಲೆಕ್ಕ. ಅವರದು ಅಗಲ, ನಮ್ಮದು ಸಪೂರ.

ಅಲ್ಲಿ ಮೂರು ನೀರಚಕ್ರಗಳಿವೆ. ಒಂದು ದೊಡ್ಡ ಸುತ್ತಿಗೆಗಳಿಗೆ, ಒಂದು ಗಾಳಿ ಊದುವ ಫ್ಯಾನಿಗೆ, ಒಂದು ಸಾಣೆಕಲ್ಲಿಗೆ. ಸುತ್ತಿಗೆಯದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದು ನಮಗೆ ಹೊಸತಲ್ಲ. ಕಾಲಿನಿಂದ ತುಳಿದು ಅವಲಕ್ಕಿ ಕುಟ್ಟುವ ಒನಕೆಯನ್ನು ನೆನಪಿಸಿಕೊಳ್ಳಿ. ಉದ್ದನೆಯ ಮರ, ನಡುವೆ ಅದನ್ನು ಹೊತ್ತ ಗೂಟ. ಬಾಲವನ್ನು ಕಾಲಲ್ಲಿ ಒತ್ತಿದರೆ ತಲೆ ಏಳುತ್ತದೆ, ಕಾಲು ತೆಗೆದರೆ ತಲೆ ಧೊಪ್ಪೆಂದು ಒರಳಿಗೆ ಬೀಳುತ್ತದೆ. ಫಿಂಚ್ ಕುಲುಮೆಯ ಸುತ್ತಿಗೆಯೂ ಹಾಗೆಯೇ. ಅಲ್ಲಿ ಬಾಲ ಒತ್ತುವುದು ಮನುಷ್ಯನ ಕಾಲಲ್ಲ, ನೀರಚಕ್ರದ ದಿಂಡಿನ ಸುತ್ತ ಕೂರಿಸಿದ ಹಲ್ಲುಗಳು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಹಲ್ಲುಗಳು ಒಂದರ ಹಿಂದೊಂದು ಬಾಲವನ್ನು ತಟ್ಟಿ ತಟ್ಟಿ ಬಿಡುತ್ತವೆ. ಚೀನಾದಲ್ಲಂತೂ ನೀರಿನ ಒನಕೆ ಮೊದಲು ಧಾನ್ಯ ಕುಟ್ಟುವುದಕ್ಕೇ ಬಂದದ್ದು, ಕಬ್ಬಿಣಕ್ಕೆ ಬಂದದ್ದು ಆಮೇಲೆ. ಹಾಗಾಗಿ ಅವಲಕ್ಕಿ ಕುಟ್ಟುವ ನಮ್ಮ ಅಜ್ಜಿಯಂದಿರಿಗೆ ಆ ಸುತ್ತಿಗೆಯ ಒಳಗುಟ್ಟು ಹೇಳಿಕೊಡಬೇಕಾಗಿರಲಿಲ್ಲ.

ತೋರಿಸುವಾತ ಒಂದು ಸನ್ನೆಕೋಲು ಎಳೆದ. ಎಲ್ಲೋ ಗೋಡೆಯಾಚೆ ನೀರು ಬಿದ್ದ ಸದ್ದು. ಮೊದಲು ಕಟ್ಟಡದ ಮರಗಳು ನರಳಿದವು, ಆಮೇಲೆ ದಿಂಡು ಮೆಲ್ಲಗೆ ಹೊರಳಿತು, ಮತ್ತೆ ಸುತ್ತಿಗೆ ಬೀಳಲು ಶುರುವಾಯಿತು. ಕಾಲಡಿಯ ನೆಲ ನಡುಗಿದ್ದು ಹಿಮ್ಮಡಿಯಿಂದ ಮಂಡಿಯವರೆಗೆ ತಿಳಿಯುತ್ತಿತ್ತು. ನೀರು ಹೆಚ್ಚು ಬಿಟ್ಟರೆ ಏಟು ಬೇಗ, ಕಡಿಮೆ ಮಾಡಿದರೆ ನಿಧಾನ. ಚಂಡೆಯವ ಭಾಗವತರ ಮುಖ ನೋಡಿ ನುಡಿತ ಏರಿಸಿ ಇಳಿಸುತ್ತಾನಲ್ಲ, ಹಾಗೆ ಕೆಲಸಗಾರ ಕಬ್ಬಿಣದ ಬಣ್ಣ ನೋಡಿ ನೀರು ಏರಿಸಿ ಇಳಿಸುತ್ತಿದ್ದನಂತೆ.

ಇನ್ನೊಂದು ಮೂಲೆಯಲ್ಲಿ ಕುಲುಮೆಗಳು. ಫ್ಯಾನಿನ ಗಾಳಿ ನೆಲದಡಿಯ ಕೊಳವೆಯಲ್ಲಿ ಬಂದು ಒಲೆಯ ಬಾಯಿಗೆ ತಲುಪುತ್ತದೆ. ಕಿಂಡಿ ತೆರೆದದ್ದೇ ತಡ, ಬೂದಿ ಹಾರಿ ಕೆಂಡ ಕಣ್ಣುಬಿಟ್ಟಿತು. ಯಾರೂ ತಿದಿ ಒತ್ತಲಿಲ್ಲ, ಯಾರೂ ಹಗ್ಗ ಎಳೆಯಲಿಲ್ಲ. ನನ್ನವಳು ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು. ಆಮೇಲೆ, "ಅತ್ತೆ ಇದನ್ನು ನೋಡಬೇಕಿತ್ತು" ಎಂದಳು.

ನಮ್ಮ ಮನೆಯಲ್ಲಿ ತಿದಿ ಒತ್ತುತ್ತಿದ್ದವರು ಅಮ್ಮ. ಬೆಳಗ್ಗೆ ಗಂಜಿ ಬೇಯಿಸಿಟ್ಟು ಬಂದು ಕುಳಿತರೆ ಬಲಗೈ ಒಂದು ಚೀಲಕ್ಕೆ, ಎಡಗೈ ಇನ್ನೊಂದಕ್ಕೆ. ಒಂದು ಉಬ್ಬುವಾಗ ಇನ್ನೊಂದು ಕುಗ್ಗಬೇಕು, ಗಾಳಿ ಎಲ್ಲಿಯೂ ಕಡಿಯಬಾರದು. ಗಾಳಿ ಕಡಿದರೆ ಕಬ್ಬಿಣ ತಣ್ಣಗಾಗುತ್ತದೆ, ಜಾಸ್ತಿಯಾದರೆ ಅಂಚು ಕರಗಿ ಕಿಡಿ ಹಾರುತ್ತದೆ. ಅಪ್ಪಯ್ಯ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಇಕ್ಕುಳ ಸ್ವಲ್ಪ ಎತ್ತಿದರೆ ಅಮ್ಮ ಗಾಳಿ ಇಳಿಸಬೇಕು. ಕೊನೆಗಾಲದಲ್ಲಿ ಅಮ್ಮನಿಗೆ ಬಲಭುಜ ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ತಲೆ ಬಾಚಿಕೊಳ್ಳಲು ತಂಗಿ ಬೇಕಾಗಿತ್ತು. ಡೆವನ್‌ನ ಆ ಕೊಳವೆಯ ಮುಂದೆ ನಿಂತಾಗ ನನಗೂ ನನ್ನವಳಿಗೂ ಕಣ್ಣ ಮುಂದೆ ಬಂದದ್ದು ಆ ಭುಜ.

ಹಾಗಾದರೆ ಲೇಖಕರು ಹೇಳಿದ್ದು ಸರಿಯೇ ಎಂದು ಕೇಳಬಹುದು. ನಮ್ಮಲ್ಲೂ ನೀರಿದೆ, ಇಳಿಜಾರಿದೆ. ನಮ್ಮವರು ಯಾಕೆ ಮಾಡಲಿಲ್ಲ?

ನಾನು ಈ ಪ್ರಶ್ನೆಯನ್ನು ಇಂಗ್ಲೆಂಡಿನಿಂದ ಬಂದಮೇಲೆ ತಲೆಯಲ್ಲಿ ಬಹಳ ಉರುಳಿಸಿದ್ದೇನೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಡೆವನ್‌ನವರು ಕಣ್ಣರಳಿಸುವಷ್ಟು. ಆದರೆ ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಅವರದು ವರ್ಷವಿಡೀ ಜಿಟಿಜಿಟಿ, ನದಿಯ ಮಟ್ಟ ಅಷ್ಟೊಂದು ಏರುಪೇರಾಗುವುದಿಲ್ಲ. ನಮ್ಮ ಮನೆಯ ಹಿಂದಿನ ತೋಡು, ಅಂದರೆ ಸಣ್ಣ ಹಳ್ಳ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಾಲುಸಂಕ ಕೊಚ್ಚಿಕೊಂಡು ಹೋಗುತ್ತದೆ, ಮಾರ್ಚ್‌ಗೆ ಕಲ್ಲು ಕಾಣುತ್ತದೆ. ಇನ್ನು ಕುಲುಮೆಗೆ ಕೆಲಸ ಬರುವುದು ಯಾವಾಗ? ಏಣಿಲು, ಅಂದರೆ ಮಳೆಗಾಲದ ಭತ್ತದ ಬೇಸಾಯಕ್ಕೆ ಮೊದಲು, ಏಪ್ರಿಲ್-ಮೇ ತಿಂಗಳಲ್ಲಿ. ನೇಗಿಲ ಕುಳ, ಹಾರೆ, ಪಿಕ್ಕಾಸು, ಸೊಪ್ಪು ಕಡಿಯುವ ಕತ್ತಿ, ಎಲ್ಲವೂ ಮೇ ಕೊನೆಗೆ ಬರುವ ಪತ್ತನಾಜೆಯ ಆಚೀಚೆ ಒಟ್ಟಿಗೆ ಬಂದು ಕೊಟ್ಯದ ಎದುರು ರಾಶಿ ಬೀಳುತ್ತಿದ್ದವು. ತೋಡು ಬತ್ತಿದ ಹೊತ್ತಿಗೆ ಕೆಲಸ, ತೋಡು ತುಂಬಿದ ಹೊತ್ತಿಗೆ ಆಚಾರಿಗೆ ಬಿಡುವು. ಹೀಗಿರುವಾಗ ವರ್ಷಕ್ಕೊಮ್ಮೆ ಕೊಚ್ಚಿಹೋಗುವ ಚಕ್ರವನ್ನು ಯಾವ ಬುದ್ಧಿವಂತ ಕಟ್ಟುತ್ತಾನೆ? ಕೈತಿದಿ ನಮ್ಮ ಹವೆಗೆ ಹೊಂದಿದ ತಿದಿ. ಹಿರಿಯರ ಆಯ್ಕೆಯನ್ನು ದಡ್ಡತನ ಎನ್ನುವ ಮೊದಲು ಅವರ ತೋಡಿನಲ್ಲಿ ಏಪ್ರಿಲ್ ತಿಂಗಳಲ್ಲಿ ಎಷ್ಟು ನೀರಿತ್ತು ಎಂದು ನೋಡಬೇಕಿತ್ತು.

ಕೈಯಿಂದ ಊದಿದ ಬೆಂಕಿಯಿಂದ ದೊಡ್ಡ ಕೆಲಸ ಆಗಿಲ್ಲ ಎಂದೂ ಅಲ್ಲ. ಕೊಡಚಾದ್ರಿಗೆ ಹೋದವರೆಲ್ಲ ಅಲ್ಲಿನ ದೇವಸ್ಥಾನದ ಎದುರಿನ ಕಬ್ಬಿಣದ ಕಂಬವನ್ನು ಕಂಡಿರುತ್ತಾರೆ. ನಮ್ಮ ಮಳೆ, ನಮ್ಮ ಮಂಜು ತಿಂದೂ ಅದು ನಿಂತಿದೆ. ಅದರ ಬುಡದಲ್ಲಿ ಸೆಲ್ಫಿ ತೆಗೆಯುವ ಹುಡುಗರಿಗೆ ಅದು ಕಾಯಿಸಿ ಬಡಿದು ಮಾಡಿದ ಕಂಬ ಎಂದು ಯಾರಾದರೂ ಹೇಳಬೇಕು.

ಇನ್ನು "ಯುರೋಪಿನವರು" ಎಂಬ ಮಾತು. ನೀರಿನಿಂದ ತಿದಿ ಊದಿಸಿದ ಮೊದಲ ಲಿಖಿತ ದಾಖಲೆ ಯುರೋಪಿನದ್ದಲ್ಲ. ಕ್ರಿ.ಶ. 31ರಲ್ಲಿ ಚೀನಾದ ನಾನ್‌ಯಾಂಗ್ ಪ್ರಾಂತ್ಯದ ಅಧಿಕಾರಿ ದು ಶಿ ಎಂಬವರು ಬೇಸಾಯದ ಹತಾರಗಳ ಎರಕಕ್ಕಾಗಿ ನೀರಿನಿಂದ ನಡೆಯುವ ತಿದಿ ಮಾಡಿಸಿದರು. ಜನರ ದುಡಿತ ಕಡಿಮೆಯಾಗಲಿ ಎಂಬುದೇ ಉದ್ದೇಶ. 1313ರಲ್ಲಿ ವಾಂಗ್ ಝೆನ್ ಅದರ ಚಿತ್ರವನ್ನೇ ಬರೆದಿಟ್ಟಿದ್ದಾರೆ. ಯುರೋಪಿನ ಮಠಗಳಲ್ಲಿ, ಹಳ್ಳಿಗಳಲ್ಲಿ ನೀರಿನ ಸುತ್ತಿಗೆ ಹರಡಿದ್ದು ದು ಶಿಯವರ ಕಾಲವಾಗಿ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಪೇನ್-ಫ್ರಾನ್ಸ್ ನಡುವಿನ ಪಿರನೀಸ್ ಬೆಟ್ಟದವರು ಬಳಸುತ್ತಿದ್ದ ಉಪಾಯ. ಅದಕ್ಕೆ ಟ್ರೋಂಪ್ ಎನ್ನುತ್ತಾರೆ. ಚಕ್ರವಿಲ್ಲ, ಹಲ್ಲಿಲ್ಲ, ತೊಗಲಿಲ್ಲ, ಓಡಾಡುವ ಭಾಗ ಒಂದೂ ಇಲ್ಲ. ಎತ್ತರದಿಂದ ಕೊಳವೆಯಲ್ಲಿ ಬೀಳುವ ನೀರು ಮೇಲ್ಗಡೆಯ ತೂತುಗಳಿಂದ ಗಾಳಿಯನ್ನು ಎಳೆದುಕೊಂಡು ಗುಳ್ಳೆಗುಳ್ಳೆಯಾಗಿ ಇಳಿಯುತ್ತದೆ. ಕೆಳಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಕಲ್ಲಿಗೆ ಬಡಿದು ನೀರು ಬೇರೆ, ಗಾಳಿ ಬೇರೆ ಆಗುತ್ತದೆ. ನೀರು ಅಡಿಯಿಂದ ಹೊರಗೆ, ಗಾಳಿ ಮೇಲಿನ ನಳಿಗೆಯಿಂದ ನೇರ ಕುಲುಮೆಗೆ.

ಇದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. 2021ರ ಆಟಿಯಲ್ಲಿ ಮನೆ ಹಿಂದಿನ ಧರೆಯಲ್ಲಿ ನಾನೇ ಒಂದು ಕಟ್ಟಿದೆ. ನೆರೆಮನೆಯ ಇಬ್ಬರು ಡಿಪ್ಲೊಮಾ ಹುಡುಗರು ಕೈಜೋಡಿಸಿದರು. ಮೂರಿಂಚಿನ ಪಿವಿಸಿ ಪೈಪು, 12 ಅಡಿ ಇಳಿತ, ಕೆಳಗೆ 200 ಲೀಟರಿನ ನೀಲಿ ಡ್ರಮ್ಮು. ಪೈಪಿನ ಕುತ್ತಿಗೆಯಲ್ಲಿ ಓರೆಯಾಗಿ ಎಂಟು ತೂತು. ತೋಡಿನ ನೀರನ್ನು ತಗಡಿನ ದಂಬೆಯಲ್ಲಿ ತಂದು ಪೈಪಿನ ಬಾಯಿಗೆ ಬಿಟ್ಟೆವು. ಮೊದಲ ದಿನ ಗಾಳಿ ಬರಲೇ ಇಲ್ಲ, ನೀರಿನ ಜೊತೆಗೇ ಅಡಿಯಿಂದ ಗುಳುಗುಳು ಎಂದು ಓಡಿಹೋಗುತ್ತಿತ್ತು. ತಪ್ಪು ಗೊತ್ತಾದದ್ದು ರಾತ್ರಿ. ನೀರು ಹೊರಹೋಗುವ ಪೈಪನ್ನು ಬಾಗಿಸಿ ಎರಡಡಿ ಮೇಲಕ್ಕೆತ್ತಬೇಕು, ಆ ಎರಡಡಿ ನೀರಿನ ಭಾರವೇ ಗಾಳಿಯನ್ನು ಒಳಗೆ ಒತ್ತಿ ಹಿಡಿಯುವುದು. ಮಾರನೆಯ ದಿನ ಪೈಪು ಎತ್ತಿ ಕಟ್ಟಿ ನೀರು ಬಿಟ್ಟೆವು. ಡ್ರಮ್ಮಿನ ಮೇಲಿನ ಸಣ್ಣ ನಳಿಗೆಗೆ ಕೈ ಹಿಡಿದರೆ ತಣ್ಣನೆಯ ಗಾಳಿ, ಸ್ವಲ್ಪ ಪಸೆ ಇರುವ ಗಾಳಿ, ಒಂದೇ ಸಮನೆ. ಇಟ್ಟಿಗೆ ಜೋಡಿಸಿ ಗೆರಟೆ ಮಸಿ (ತೆಂಗಿನ ಚಿಪ್ಪಿನ ಇದ್ದಿಲು) ಹಾಕಿ ಕಿಚ್ಚಿಟ್ಟೆ. ಮಳೆ ಧೋ ಎಂದು ಸುರಿಯುತ್ತಿತ್ತು, ತಗಡಿನ ಸೂರಿನಡಿ ನಾವು ಮೂವರೂ ಬಗ್ಗಿ ನಿಂತಿದ್ದೆವು. ಬೆರಳು ಗಾತ್ರದ ಸರಳಿನ ತುದಿ ಮೊದಲು ಮಾಸಲು ಕೆಂಪಾಯಿತು, ಆಮೇಲೆ ಚೆರಿ ಹಣ್ಣಿನ ಕೆಂಪು. ಹುಡುಗರಲ್ಲೊಬ್ಬ, "ಸರ್, ಕರೆಂಟು ಹೋಗಿ ಎರಡು ದಿನ ಆಯ್ತು, ಇದು ಹೋಗ್ಲಿಲ್ಲ ನೋಡಿ" ಎಂದ. ಅಂದು ನಿಜವಾಗಿಯೂ ಕರೆಂಟಿರಲಿಲ್ಲ.

ಆ ತೋಡು ಡಿಸೆಂಬರ್‌ವರೆಗೆ ಗಾಳಿ ಕೊಟ್ಟಿತು. ಜನವರಿಯಲ್ಲಿ ಉಸಿರು ಕಟ್ಟಿತು. ನಾನು ಮೇಲೆ ಹೇಳಿದ ಲೆಕ್ಕ ಸರಿ ಎಂದು ನನಗೆ ಸಮಾಧಾನವಾದದ್ದು ಆಗಲೇ.

ಈಗ ಸೋಲಿನ ಮಾತಿಗೆ ಬರುತ್ತೇನೆ. ನೀರಚಕ್ರ ಇದ್ದವರು ಗೆದ್ದರೇ? ಫಿಂಚ್ ಕುಲುಮೆ 1960ರಲ್ಲಿ ಮುಚ್ಚಿತು. ಕಟ್ಟಡದ ಒಂದು ಭಾಗ ಕುಸಿದದ್ದೇ ಕೊನೆಯ ನೆಪ. ಶೆಫೀಲ್ಡ್ ನಗರದ ಅಬ್ಬಿಡೇಲ್ ಎಂಬಲ್ಲಿ ನಾಲ್ಕು ನೀರಚಕ್ರಗಳ ದೊಡ್ಡ ಹುಲ್ಲುಗತ್ತಿ ಕಾರ್ಖಾನೆ ಇತ್ತು, ಅದು 1933ಕ್ಕೇ ನಿಂತಿತ್ತು. ರೈಲಿನ ಗಾಲಿಗಳ ಅಚ್ಚುಗಳನ್ನು (ಆಕ್ಸಲ್) ಬಡಿಯುತ್ತಿದ್ದ, 1640ರ ಸುಮಾರಿನ ಮೂಲವಿರುವ, ವರ್ಟ್ಲಿ ಎಂಬಲ್ಲಿನ ಕುಲುಮೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ತಣ್ಣಗಾಗಿತ್ತು. ಹೊಳೆ ಬತ್ತಿ ಇವು ಮುಚ್ಚಲಿಲ್ಲ. ಹುಲ್ಲು ಕೊಯ್ಯಲು ಯಂತ್ರ ಬಂತು, ಕಾರ್ಖಾನೆಯ ಅಗ್ಗದ ಮಾಲು ಬಂತು, ಕೊಳ್ಳುವವರು ಹೋದರು. ನಮ್ಮ ಕೊಟ್ಯಕ್ಕೆ ಆದದ್ದೂ ಅದೇ. ಟಿಲ್ಲರ್ ಬಂದಮೇಲೆ ನೇಗಿಲ ಕುಳ ತರುವವರಿಲ್ಲ. ಪೇಟೆಯ ಅಂಗಡಿಯಲ್ಲಿ ಅಚ್ಚು ಹೊಡೆದ ಹಾರೆ, ಪ್ಲಾಸ್ಟಿಕ್ ಹಿಡಿಯ ಕತ್ತಿ. ತಿದಿ ನೀರಿನದ್ದಾಗಲಿ ಕೈಯದ್ದಾಗಲಿ, ಸೋತ ಕಾರಣ ಎರಡು ಕಡೆಯೂ ಒಂದೇ. ಹಾಗಾಗಿ ನಮ್ಮ ಆಚಾರಿಗಳ ತಲೆಗೆ ಆ ತಪ್ಪನ್ನು ಕಟ್ಟಬೇಡಿ ಎಂದು ಲೇಖಕರಲ್ಲಿ ಕೈಮುಗಿದು ಕೇಳುತ್ತೇನೆ.

ವ್ಯತ್ಯಾಸ ಬಂದದ್ದು ಮುಚ್ಚಿದ ನಂತರ. ಫಿಂಚ್ ಕುಲುಮೆಯ ಕುಸಿದ ಭಾಗವನ್ನು ಮತ್ತೆ ಕಟ್ಟಿದರು, ಚಕ್ರ ರಿಪೇರಿ ಮಾಡಿದರು, ಅದಕ್ಕಾಗಿ ಟ್ರಸ್ಟ್ ಆಯಿತು, 1994ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ವಹಿಸಿಕೊಂಡಿತು. ಈಗ ಅದು ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿರುವ ಕೊನೆಯ ನೀರಿನ ಕುಲುಮೆ. ನವೆಂಬರ್‌ನಲ್ಲಿ ಕಮ್ಮಾರರ ಸಂತ ಕ್ಲೆಮೆಂಟ್‌ನ ಹಬ್ಬಕ್ಕೆ ಬೇರೆ ಬೇರೆ ಊರಿನ ಕಮ್ಮಾರರು ಅಲ್ಲಿ ಸೇರಿ ಕಬ್ಬಿಣ ಬಡಿಯುತ್ತಾರಂತೆ. ನಮ್ಮ ಆಯುಧಪೂಜೆಯ ದಿನ ಅಡಿಗಲ್ಲಿಗೆ ಕುಂಕುಮ ಹಚ್ಚಿ ಒಂದು ಏಟು ಹಾಕುತ್ತಿದ್ದೆವಲ್ಲ, ಅದು ನೆನಪಾಯಿತು.

ನಮ್ಮ ಕೊಟ್ಯಕ್ಕೆ ಏನಾಯಿತು ಎಂದು ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ. ರಸ್ತೆ ಅಗಲ ಮಾಡುವಾಗ ಅದು ಗುರುತಿನ ಕಲ್ಲಿನ ಒಳಗೆ ಬಂತು. ಸಂಬಂಧಪಟ್ಟ ಕಚೇರಿಯ ಕಾಗದದಲ್ಲಿ ಅದನ್ನು "ತಾತ್ಕಾಲಿಕ ಶೆಡ್" ಎಂದು ಬರೆದಿದ್ದರು. ಅಜ್ಜನ ಕಾಲದ ಕುಲುಮೆ ತಾತ್ಕಾಲಿಕ ಶೆಡ್! ಅಪ್ಪಯ್ಯ ತೀರಿಹೋಗಿ ಎರಡು ವರ್ಷವಾಗಿತ್ತು, ನಾನು ಘಟ್ಟದ ಮೇಲೆ ಕೆಲಸದಲ್ಲಿದ್ದೆ. ಬಂದು ನಿಲ್ಲಲು ಒಂದು ದಿನದ ರಜೆ ಮಾತ್ರ ಇತ್ತು. ಅವತ್ತು ಅವಸರದಲ್ಲಿ ಅಡಿಗಲ್ಲು, ಚಮ್ಮಟಿಗೆ, ಹತ್ತು ಹನ್ನೆರಡು ಇಕ್ಕುಳ, ಎಲ್ಲವನ್ನೂ ಗುಜರಿಯವನ ಟೆಂಪೊಕ್ಕೆ ಹಾಕಿದವನು ನಾನೇ. ಕಿಲೋ ಲೆಕ್ಕ. ಅಡಿಗಲ್ಲನ್ನು ಎತ್ತಲು ಮೂರು ಜನ ಬೇಕಾಯಿತು. ಅದರ ಮೇಲ್ಮೈಯಲ್ಲಿ ನಡುವೆ ಒಂದು ಸಣ್ಣ ತಗ್ಗಿತ್ತು, ನಲುವತ್ತು ವರ್ಷದ ಏಟುಗಳಿಂದ ಆದದ್ದು. ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಮಾಡು ಸೋರಿ ಆ ತಗ್ಗಿನಲ್ಲಿ ನೀರು ನಿಲ್ಲುತ್ತಿತ್ತು, ಗುಬ್ಬಚ್ಚಿ ಬಂದು ಕುಡಿಯುತ್ತಿತ್ತು. ಉಳಿದದ್ದು ಒಂದು ಸುತ್ತಿಗೆ. ತಂಗಿ ತೆಂಗಿನಕಾಯಿ ಒಡೆಯಲು ಇಟ್ಟುಕೊಂಡಿದ್ದರಿಂದ ಉಳಿಯಿತು.

ಹಾಗಾಗಿ ಗೋಡೆಗೆ ತೂಗುಹಾಕುವ ಸಲಹೆಯ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ಗುಜರಿಗಿಂತ ಗೋಡೆ ಮೇಲು. ಆದರೆ ಗೋಡೆಯ ಮೇಲಿನ ಕತ್ತಿ ಯಾವ ಹುಡುಗನಿಗೂ ಏನನ್ನೂ ಕಲಿಸುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ.

ಕಳ್ಳು ತೆಗೆಯುವ ಪೂಜಾರ್ರೊಬ್ಬರು ಅಪ್ಪಯ್ಯನ ಕತ್ತಿಯನ್ನಲ್ಲದೆ ಬೇರೆ ಮುಟ್ಟುತ್ತಿರಲಿಲ್ಲ. ಆ ಕತ್ತಿ ಹೂವಿನ ಕೊಂಬನ್ನು ಹಾಳೆಯಷ್ಟು ತೆಳ್ಳಗೆ ಕೆತ್ತಬೇಕು, ದಿನಕ್ಕೆ ಎಷ್ಟೋ ಮರ, ಅಂಚು ಮಡಿಯಬಾರದು, ಚಕ್ಕೆ ಏಳಲೂಬಾರದು. ಲಾರಿಯ ಸ್ಪ್ರಿಂಗ್ ಪ್ಲೇಟಿನ ತುಂಡನ್ನು ಕಾಯಿಸಿ ತಟ್ಟಿ ಆಕಾರಕ್ಕೆ ತಂದಮೇಲೆ ಕಡೆಯ ಕೆಲಸ ಪಾನ ಕೊಡುವುದು, ಅಂದರೆ ಅಂಚನ್ನು ಹದವಾಗಿ ಗಟ್ಟಿ ಮಾಡುವುದು. ಅಪ್ಪಯ್ಯ ಅದನ್ನು ಹಗಲು ಮಾಡುತ್ತಿರಲಿಲ್ಲ, ಮುಸ್ಸಂಜೆಗೆ ಮಾಡುತ್ತಿದ್ದರು. ಬಿಸಿಲಿಗೆ ಬಣ್ಣ ಮೋಸ ಮಾಡುತ್ತದೆ. ಕೆಂಪಗೆ ಕಾಯ್ದ ಕತ್ತಿಯ ಅಂಚನ್ನಷ್ಟೇ ನೀರಿಗೆ ಮುಟ್ಟಿಸಿ ಎತ್ತಿ, ಹೆಂಚಿನ ಚೂರಿನಿಂದ ಸರಸರ ಎರಡು ಸಲ ಉಜ್ಜಿ, ಕಣ್ಣ ಹತ್ತಿರ ಹಿಡಿಯುತ್ತಿದ್ದರು. ಬೆನ್ನಿನಲ್ಲಿ ಉಳಿದ ಬಿಸಿ ನಿಧಾನವಾಗಿ ಅಂಚಿನ ಕಡೆಗೆ ಬರುವಾಗ ಬಿಳಿ ಉಕ್ಕಿನ ಮೇಲೆ ಬಣ್ಣ ಓಡುತ್ತದೆ. ಮೊದಲು ಒಣ ಬೈಹುಲ್ಲಿನ ಹಳದಿ, ಹಿಂದೆಯೇ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಬೈಹುಲ್ಲಿನ ಹಳದಿ ಎಂದರೆ ಸುಮಾರು 220-230 ಡಿಗ್ರಿ, ನೀಲಿ ಎಂದರೆ 300ರ ಹತ್ತಿರ ಎಂದು ನಾನು ಐಟಿಐಯ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಅಪ್ಪಯ್ಯನಿಗೆ ಡಿಗ್ರಿ ಗೊತ್ತಿರಲಿಲ್ಲ. ಹಳದಿ ಕಂದಿಗೆ ತಿರುಗುವ ಆ ಒಂದು ಗಳಿಗೆಯಲ್ಲಿ ಕತ್ತಿಯನ್ನು ಪೂರ್ತಿ ನೀರಿಗೆ ಹಾಕಿಬಿಡುತ್ತಿದ್ದರು. ಒಂದು ಉಸಿರು ತಡವಾದರೆ ಅಂಚು ಮೆತ್ತಗೆ, ಬೇಗವಾದರೆ ಗಾಜು.

ಡೆವನ್‌ನ ನೀರಚಕ್ರ ಇಷ್ಟೆಲ್ಲ ಶಕ್ತಿಯಿದ್ದೂ ಈ ಕೆಲಸ ಮಾಡುತ್ತಿರಲಿಲ್ಲ. ಅಲ್ಲಿಯೂ ಬಣ್ಣ ನೋಡುತ್ತಿದ್ದದ್ದು ಮನುಷ್ಯನ ಕಣ್ಣು. ಸಾಣೆ ಹಿಡಿಯುವವನಂತೂ ತಿರುಗುವ ಕಲ್ಲಿನ ಮೇಲ್ಗಡೆ ಹಲಗೆಯ ಮೇಲೆ ಕವುಚಿ ಮಲಗಿ, ಮುಖವನ್ನು ಕಲ್ಲಿನ ಹತ್ತಿರ ಇಟ್ಟು ಅಂಚು ಹಿಡಿಯುತ್ತಿದ್ದ. ನೀರು ಅವನ ಭುಜವನ್ನು ಉಳಿಸಿತು, ಅವನ ಜಾಗ ಕಿತ್ತುಕೊಳ್ಳಲಿಲ್ಲ. ನಮ್ಮ ಕುಲುಮೆಯನ್ನು ಉಳಿಸುವಾಗಲೂ ಉಳಿಯಬೇಕಾದದ್ದು ಆ ಗಳಿಗೆಯನ್ನು ಹಿಡಿಯುವ ಕಣ್ಣು. ಅದಕ್ಕೆ ಕುಲುಮೆಯಲ್ಲಿ ಬೆಂಕಿ ಇರಬೇಕು, ಬೆಂಕಿಯ ಮುಂದೆ ಒಬ್ಬ ಆಚಾರಿ ಇರಬೇಕು, ಆಚಾರಿಯ ಪಕ್ಕ ಒಬ್ಬ ಹುಡುಗ ಇರಬೇಕು.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ತರಬೇತಿ, ಹತಾರಕ್ಕೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ. ಒಳ್ಳೆಯದೇ. ನನ್ನ ಪರಿಚಯದ ಇಬ್ಬರಿಗೆ ಅರ್ಜಿ ತುಂಬಿಸಿಕೊಟ್ಟಿದ್ದೇನೆ. ಆದರೆ ಹತಾರ ಕೊಟ್ಟರೆ ಸಾಲದು, ಅದನ್ನಿಡಲು ರಸ್ತೆ ಬದಿಯಲ್ಲಿ ಒಂದು ಕಾಯಂ ಸೂರು ಬೇಕು, ಮಾಡಿದ ಕತ್ತಿ ಕೊಳ್ಳುವವರು ಬೇಕು.

ನನ್ನ ಕೇಳಿಕೆ ದೊಡ್ಡದಲ್ಲ. ಉಡುಪಿ ಜಿಲ್ಲೆಯಲ್ಲಿ ಘಟ್ಟದ ಬುಡದ ಯಾವುದಾದರೂ ಒಂದು ಊರಿನಲ್ಲಿ, ಹೆಬ್ರಿಯೋ ಕಾರ್ಕಳದ ಆಚೆಯೋ, ತೋಡಿನ ಪಕ್ಕ ಒಂದು ಕುಲುಮೆ ನಡೆಯಲಿ. ಮಳೆಗಾಲದಿಂದ ಡಿಸೆಂಬರ್‌ವರೆಗೆ ಟ್ರೋಂಪಿನ ಗಾಳಿ, ಆಮೇಲೆ ಕೈತಿದಿ ಇಲ್ಲವೇ ಕರೆಂಟಿನ ಬ್ಲೋವರ್. ಆ ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಶಾಲೆಯ ಮಕ್ಕಳಿಗೆ ವಿಜ್ಞಾನದ ಪಾಠವೂ ಆಯಿತು. ಒಬ್ಬ ಆಚಾರಿಗೆ ತಿಂಗಳ ಸಂಬಳ ಕೊಡಿ. ಅಡಿಕೆ ಕೊಯ್ಯುವ ಕತ್ತಿ, ಮೆಟ್ಟುಕತ್ತಿ, ಮುರಕಲ್ಲಿನ ನೆಲಕ್ಕೆ ಬೇರೆ, ಹೊಯಿಗೆಯ ನೆಲಕ್ಕೆ ಬೇರೆ ಹಾರೆ, ಇವನ್ನು ಕೇಳಿದವರಿಗೆ ಕೇಳಿದ ಹಾಗೆ ಮಾಡಿಕೊಡಲಿ. ಹೀಗೆ ಮಣ್ಣು ನೋಡಿ ಸಲಿಕೆ ಮಾಡಿಕೊಟ್ಟೇ ಉತ್ತರ ಐರ್ಲೆಂಡಿನ ಪ್ಯಾಟರ್ಸನ್ ಎಂಬವರ ನೀರಿನ ಕುಲುಮೆ ಹೆಸರು ಮಾಡಿದ್ದು, ಇಂದಿಗೂ ಅಲ್ಲಿ ಸಲಿಕೆ ತಯಾರಾಗುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಹಠ ಹಿಡಿದ ಒಬ್ಬ ವ್ಯಕ್ತಿಯಿಂದ ಅಷ್ಟು ಆಗುವುದಾದರೆ ಒಂದು ಕುಲುಮೆ ಹೆಚ್ಚಲ್ಲ. ಪಿಲಿಕುಳದ ಕರಕುಶಲ ಗ್ರಾಮದವರೂ ಈ ಬಗ್ಗೆ ಯೋಚಿಸಿದರೆ ನಾನು ನನ್ನ ಖರ್ಚಿನಲ್ಲಿ ಮಂಗಳೂರಿಗೆ ಬಂದು ಪೈಪು ಜೋಡಿಸಿಕೊಡುತ್ತೇನೆ.

ರಸ್ತೆ ಕೆಲಸದ ಕಾಗದ ಬರೆಯುವವರಲ್ಲಿ ಇನ್ನೊಂದು ಮಾತು. ಶೆಡ್ ಎಂದು ಬರೆಯುವ ಮುನ್ನ ಒಳಗೆ ಒಮ್ಮೆ ಬಗ್ಗಿ ನೋಡಿ. ನೆಲ ಕಪ್ಪಗಿದ್ದರೆ, ನಡುವೆ ಒಂದು ಕೊರಡು ಹೂತಿದ್ದರೆ, ಅದು ಕೊಟ್ಯ. ಕೆಡವಲೇಬೇಕಾದರೆ ಒಂದು ಫೋಟೊ ತೆಗೆಯಿರಿ, ಕಟ್ಟಿದವರ ಹೆಸರು ಬರೆದುಕೊಳ್ಳಿ, ಹತಾರಕ್ಕೆ ಒಂದು ವಾರ ಸಮಯ ಕೊಡಿ. ಮನೆಯಲ್ಲಿ ಹಳೆ ಅಡಿಗಲ್ಲು ಇರುವ ಓದುಗರು ದಯಮಾಡಿ ಅದನ್ನು ಗುಜರಿಗೆ ಹಾಕಬೇಡಿ, ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಟೆಂಪೊ ಮಾಡಿಕೊಂಡು ನಾನೇ ಬರುತ್ತೇನೆ.

ತಂಗಿಯ ಮನೆಯಿಂದ ಅಪ್ಪಯ್ಯನ ಸುತ್ತಿಗೆಯನ್ನು ಕಳೆದ ತಿಂಗಳು ತಂದೆ. ಅವಳಿಗೆ ತೆಂಗಿನಕಾಯಿ ಒಡೆಯಲು ಬೇರೆ ಕತ್ತಿ ಕೊಟ್ಟಿದ್ದೇನೆ. ಹೊಸ ಹಿಡಿ ಹಾಕಿಸಿ ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಕುಲುಮೆ ಶುರುವಾದ ದಿನ ಅದನ್ನು ಅಲ್ಲಿಗೆ ಕೊಡುತ್ತೇನೆ.

ಇತಿ,
ನಿವೃತ್ತ ಐಟಿಐ ಬೋಧಕ,
ಹೆಬ್ರಿ, ಉಡುಪಿ ಜಿಲ್ಲೆ